ಅಪ್ಪನ ಕಾರು ಕುಡಿದ ಪೆಟ್ರೋಲ್

ಇವತ್ತು ರಾಜಕೀಯ ಬೇಡ. ಒಂದು ಕಾರಿನ ವಿಷಯ ಹೇಳ್ತೀನಿ. ಅದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನೂ ಹೇಳ್ತೀನಿ.

ಕೆಲವು ತಿಂಗಳ ಹಿಂದೆ ಇದೇ ಸ್ಟುಡಿಯೋದಲ್ಲಿ ಇ20 ಪೆಟ್ರೋಲ್ ಬಗ್ಗೆ ಒಂದು ಗಂಟೆ ಚರ್ಚೆ ಮಾಡಿದ್ವಿ, ನೆನಪಿರಬಹುದು. ಕೊನೆಗೆ ನಾನು ಕ್ಯಾಮೆರಾ ನೋಡಿ, "ಮೈಲೇಜ್ ಬಿದ್ದಿದೆಯಾ? ಕಾರಣ ನಿಮ್ಮ ಟ್ಯಾಂಕಿನಲ್ಲೇ ಇದೆ" ಅಂದಿದ್ದೆ. ಒಳ್ಳೇ ಡೈಲಾಗು. ಮೈಸೂರಲ್ಲಿ ಕೂತು ಅದನ್ನು ನೋಡಿದವರಲ್ಲಿ ನಮ್ಮಪ್ಪನೂ ಒಬ್ಬರು.

ಅಪ್ಪ ನಿವೃತ್ತ ಮೇಷ್ಟ್ರು. ಎಡ ಮೊಣಕಾಲಿನ ಆಪರೇಷನ್ ಆದಮೇಲೆ ಕ್ಲಚ್ ತುಳಿಯೋಕೆ ಆಗಲ್ಲ ಅಂತ ಪುಟ್ಟದೊಂದು ಆಟೋಮ್ಯಾಟಿಕ್ ಕಾರು ತಗೊಂಡರು. ಎಎಂಟಿ ಅಂತೀವಲ್ಲ, ಅದು. ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಮತ್ತು ಗೇರಿನ ಕೆಲಸವನ್ನು ನಮ್ಮ ಬದಲು ಮೋಟಾರು, ಕಂಪ್ಯೂಟರು ಮಾಡುತ್ತವೆ. ಪ್ರತಿ ಸೋಮವಾರ ಅದರಲ್ಲಿ ನಂಜನಗೂಡಿಗೆ ಹೋಗಿ, ಶ್ರೀಕಂಠೇಶ್ವರನ ದರ್ಶನ ಮಾಡಿ, ಅಲ್ಲೇ ಇರುವ ನಮ್ಮತ್ತೆಯನ್ನು ನೋಡಿಕೊಂಡು ಬರೋದು ಅಭ್ಯಾಸ. ಅತ್ತೆ ಒಬ್ಬರೇ ಇದ್ದಾರೆ. ಅವರ ವಾರದ ಮಾತ್ರೆ ಡಬ್ಬಿಗೆ ಹಾಕಿಡೋದು ಅಪ್ಪನೇ.

ಒಂದು ದಿನ ಅತ್ತೆಯೇ ನನಗೆ ಫೋನ್ ಮಾಡಿದರು. "ಅಣ್ಣ ಬಂದು ಮೂರು ವಾರ ಆಯ್ತು ಕಣೇ, ಹುಷಾರಾಗಿದಾನಾ?"

ಅಪ್ಪನಿಗೆ ಫೋನ್ ಹಚ್ಚಿದೆ. "ಕಾರು ಹನ್ನೊಂದೂ ಕೊಡ್ತಿಲ್ಲ ಪುಟ್ಟಿ. ನೀನೇ ಟಿವೀಲಿ ಹೇಳಿದ್ಯಲ್ಲ, ಪೆಟ್ರೋಲೇ ಹಾಗೆ ಅಂತ. ಏನ್ ಮಾಡೋಕಾಗತ್ತೆ, ಓಡಾಟ ಕಮ್ಮಿ ಮಾಡಿದೀನಿ" ಅಂದರು.

ಆ ಶನಿವಾರವೇ ಮೈಸೂರಿಗೆ ಹೋದೆ. ಅಪ್ಪನ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸೋದು, ಗನ್ ಒಂದು ಸಲ ಕಟ್ ಆದರೆ ಅಲ್ಲಿಗೇ ನಿಲ್ಲಿಸೋದು, ಕಿಲೋಮೀಟರ್ ಬರೆಯೋದು. ಮುಂದಿನ ಸಲ ಹಾಕಿಸಿದ ಲೀಟರಿನಿಂದ ಓಡಿದ ಕಿಲೋಮೀಟರ್ ಭಾಗಿಸೋದು. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಗಿಂತ ಇದೇ ನಂಬಿಕೆಯ ಲೆಕ್ಕ. ಕಂಪನಿಯವರು ಹೇಳುವ ಇಪ್ಪತ್ತು ಚಿಲ್ಲರೆಯನ್ನಂತೂ ಬಿಟ್ಟುಬಿಡಿ. ಅದು ಲ್ಯಾಬಿನಲ್ಲಿ, ರೋಲರ್ ಮೇಲೆ, ಎಸಿ ಆಫ್ ಮಾಡಿ ಅಳೆದಿದ್ದು.

ಆ ನೋಟ್‌ಬುಕ್ ನೋಡಿ ನನಗೆ ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ಲೀಟರಿಗೆ 16 ಇತ್ತು. ನಿಧಾನವಾಗಿ 15ಕ್ಕೆ ಬಂದಿದೆ. ಆಮೇಲೆ ಒಂದೇ ಟ್ಯಾಂಕಿನಲ್ಲಿ 15ರಿಂದ 11ಕ್ಕೆ ಬಿದ್ದಿದೆ!

ನೀತಿ ಆಯೋಗದ 2021ರ ವರದಿಯಲ್ಲೇ ಇದೆ, ಇ20ಗಾಗಿ ತಯಾರಾಗದ ಕಾರುಗಳಲ್ಲಿ ಇಂಧನ ದಕ್ಷತೆ ಶೇ. 6ರಿಂದ 7ರಷ್ಟು ಇಳಿಯಬಹುದು ಅಂತ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಲೀಟರಿಗೆ ಸುಮಾರು ಮೂರನೇ ಒಂದು ಭಾಗ ಕಮ್ಮಿ. ಐದರಲ್ಲಿ ಒಂದು ಪಾಲು ಬೆರೆಸಿದರೆ ಲೆಕ್ಕ ಅಲ್ಲಿಗೇ ಬರುತ್ತೆ. ಅಂದರೆ 16 ಹೋಗಿ 15 ಆದದ್ದು ಬೇಕಾದರೆ ಎಥನಾಲಿನದು. 15 ಹೋಗಿ 11 ಆದರೆ ಅದು ಸುಮಾರು ಶೇ. 27ರ ಕುಸಿತ. ಅದೂ ಒಂದೇ ಟ್ಯಾಂಕಿನಲ್ಲಿ. ಪೆಟ್ರೋಲ್ ಹಾಗೆ ಮಾಡಲ್ಲ. ಕಾರಿನಲ್ಲೇ ಏನೋ ಕೆಟ್ಟಿದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ನಾನು ಈ ಭಾಗಾಕಾರವನ್ನೂ ಮಾಡದೆ ಮಾತಾಡಿದ್ದೆ.

"ಸರ್ವಿಸ್‌ನವರು ಏನಂದ್ರು?" ಅಂತ ಕೇಳಿದೆ. "ಆಟೋಮ್ಯಾಟಿಕ್ ಅಂದ್ರೆ ಇಷ್ಟೇ ಸರ್ ಅಂದ್ರು. ಇಂಜೆಕ್ಟರ್ ಕ್ಲೀನಿಂಗ್ ಮಾಡ್ಸಿ ಅಂದ್ರು, ಮಾಡ್ಸಿದೆ." ಬಿಲ್ ಇತ್ತು, ಗುಣ ಇರಲಿಲ್ಲ.

ಮೊದಲು ಟೈರಿನ ಗಾಳಿ ನೋಡಿದೆ. ಡ್ರೈವರ್ ಬಾಗಿಲಿನ ಕಂಬದ ಮೇಲೆ ಎಷ್ಟಿರಬೇಕು ಅಂತ ಸ್ಟಿಕ್ಕರ್ ಇರುತ್ತೆ. ಅಲ್ಲಿ 33, ಚಕ್ರದಲ್ಲಿ 27. ಏರ್ ಫಿಲ್ಟರ್ ಪರವಾಗಿಲ್ಲ. ಗಾಳಿ ತುಂಬಿಸಿ ನಾನೇ ಓಡಿಸಿದೆ. ಎಎಂಟಿ ಕಾರಿನಲ್ಲಿ ಡಿಗೆ ಹಾಕಿ ಬ್ರೇಕ್ ಬಿಟ್ಟರೆ, ಆಕ್ಸಿಲರೇಟರ್ ತುಳಿಯದೇ ಅದು ಮೆಲ್ಲಗೆ ಮುಂದೆ ತೆವಳಬೇಕು. ಇದು ಸಮತಟ್ಟು ರಸ್ತೆಯಲ್ಲೂ ನಿಂತೇ ಇತ್ತು. ಎನ್‌ಗೆ ಹಾಕಿ ಹಿಂದಿನಿಂದ ತಳ್ಳಿದೆ. ಪುಟ್ಟ ಕಾರು, ಕದಲಲಿಲ್ಲ. ಒಂದು ರೌಂಡ್ ಹೋಗಿ ಬಂದು ಚಕ್ರಗಳ ಹತ್ತಿರ ಅಂಗೈ ಹಿಡಿದೆ. ಮುಟ್ಟಬೇಡಿ, ಸುಟ್ಟುಕೊಳ್ತೀರಿ. ಮುಂದಿನವು ಬೆಚ್ಚಗೆ, ಹಿಂದಿನ ಎರಡೂ ಕಾದ ಕಾವಲಿ.

ಗಲ್ಲಿಯ ಮೆಕ್ಯಾನಿಕ್ ಬಂದು ಹ್ಯಾಂಡ್‌ಬ್ರೇಕ್ ಎಳೆದು ನೋಡಿದರು. ಎರಡೇ ಸಲ ಕಟಕ್ ಅಂದು ನಿಂತಿತು. "ಮೇಡಂ, ಕೇಬಲ್ ಜಾಸ್ತಿ ಬಿಗಿ ಮಾಡ್ಬಿಟ್ಟಿದಾರೆ, ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತಾನೇ ಇದೆ." ಅಂದರೆ ಅಷ್ಟೂ ದಿನ ಅಪ್ಪ ಅರ್ಧ ಬ್ರೇಕ್ ಹಿಡಿದ ಕಾರು ಓಡಿಸಿದ್ದರು.

ಅಪ್ಪನಿಗೆ ಯಾಕೆ ಗೊತ್ತಾಗಲಿಲ್ಲ? ಇದು ಆಟೋಮ್ಯಾಟಿಕ್ ಇರೋರೆಲ್ಲ ಕೇಳಬೇಕಾದ ಮಾತು. ಗೇರು ಹಾಕಿ ಓಡಿಸುವ ಕಾರಾದರೆ ಎಳೀತಿಲ್ಲ ಅಂತ ನಮ್ಮ ಕೈಗೆ ಗೊತ್ತಾಗುತ್ತೆ, ಮೂರರಿಂದ ಎರಡಕ್ಕೆ ಇಳಿಸ್ತೀವಿ, ಗೊಣಗ್ತೀವಿ. ಇಲ್ಲಿ ಆ ಕೆಲಸ ಕಂಪ್ಯೂಟರಿನದು. ಭಾರ ಜಾಸ್ತಿಯಾದರೆ ಅದೇ ಕೆಳಗಿನ ಗೇರಿನಲ್ಲಿ ಹೆಚ್ಚು ಹೊತ್ತು ಇಟ್ಟು ಇಂಜಿನ್ ಅರಚಿಸಿ ಓಡಿಸುತ್ತೆ. ಕಾರು ದೂರು ಹೇಳಲ್ಲ, ಪೆಟ್ರೋಲ್ ಬಂಕು ಹೇಳುತ್ತೆ. ಸುಮ್ಮನೆ ಪೆಟ್ರೋಲ್ ಹೋಗಿದ್ದರೆ ಹಾಳಾಗಿಹೋಗಲಿ, ಆ ಕಾವಿಗೆ ಬ್ರೇಕು ಕೈಕೊಟ್ಟಿದ್ದರೆ?

ಇನ್ನೊಂದು ವಿಷಯ. ಅಪ್ಪನ ನೋಟ್‌ಬುಕ್ಕಿನಲ್ಲಿ ಕೊನೆಗೆ 'ಷರಾ' ಅಂತ ಒಂದು ಕಾಲಂ ಇದೆ. 11 ಬಂದ ಸಾಲಿನ ಪಕ್ಕ ಬರೆದಿದ್ದರು: "ಸರ್ವಿಸ್ ಆಯಿತು. ಹ್ಯಾಂಡ್‌ಬ್ರೇಕ್ ಬಿಗಿ." ಅವರು ಕಂಡಿದ್ದರು. ಸರ್ವಿಸ್‌ನವರೂ ಕೇಳಲಿಲ್ಲ, ಟಿವಿಯಲ್ಲಿದ್ದ ಮಗಳೂ ಕೇಳಲಿಲ್ಲ. ಮಗಳು ಇಂಜಿನಿಯರು ಅಂತ ಅವರು ತಮ್ಮ ಕಣ್ಣನ್ನೇ ನಂಬಲಿಲ್ಲ.

ತಿಂಗಳಿಗೆ 500 ಕಿಲೋಮೀಟರ್ ಓಡಿಸುವವರಿಗೆ 15 ಮತ್ತು 11ರ ನಡುವಿನ ವ್ಯತ್ಯಾಸ 12 ಲೀಟರು. ಪೆಟ್ರೋಲ್ ನೂರು ದಾಟಿರುವಾಗ ಸಾವಿರದ ಇನ್ನೂರಕ್ಕೂ ಮೇಲೆ. ಪಿಂಚಣಿಯಲ್ಲಿ ಬದುಕುವವರು ಅದನ್ನು ಎಲ್ಲಿ ಉಳಿಸ್ತಾರೆ ಹೇಳಿ? ಅಕ್ಕನನ್ನೋ ತಂಗಿಯನ್ನೋ ನೋಡೋದನ್ನು ಬಿಡ್ತಾರೆ.

ಇ20 ಬಗ್ಗೆ ಕೇಳಬೇಕಾದ ಪ್ರಶ್ನೆ ಇನ್ನೂ ಇವೆ, ಕೇಳ್ತೀನಿ. ಆದರೆ ಅವತ್ತು ನಾನು ಹೇಳಿದ ಆ ಒಂದು ವಾಕ್ಯ ತಪ್ಪು. ನಿಮ್ಮ ಕಾರಿನ ಮೈಲೇಜು ದಿಢೀರಂತ ಬಿದ್ದಿದ್ದರೆ ದಯವಿಟ್ಟು ನನ್ನ ಮಾತು ನಂಬಿ ಸುಮ್ಮನಿರಬೇಡಿ, ತೋರಿಸಿ.

ಕೇಬಲ್ ಸಡಿಲ ಮಾಡಿ, ಶೂ ಸವೆದಿದ್ದಕ್ಕೆ ಹೊಸದು ಹಾಕಿ ಮೆಕ್ಯಾನಿಕ್ ತಗೊಂಡದ್ದನ್ನು ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದಿದ್ದಾರೆ. ಅದರ ಕೆಳಗಿನ ಸಾಲು ನನಗೆ ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಿದರು. 14.6. ಷರಾ ಕಾಲಂನಲ್ಲಿ: "ನಂಜನಗೂಡು. ತಂಗಿ ಕ್ಷೇಮ. ಮಾತ್ರೆ ಒಂದು ವಾರ ತಪ್ಪಿಸಿದ್ದಾಳೆ."