ಕುಲುಮೆಯವರು ಬೆಳ್ಳಿ ತಂತಿ ಹಿಡಿದೆವು



ನಿಮ್ಮ ಕೆಲಸದ ಬಗ್ಗೆ ನಾಕು ಮಾತು ಹೇಳ್ರಿ ಅಂದ್ರು. ಬರೆದುಕೊಂಡು ಬಂದೀವಿ. ನಿಧಾನ ಓದ್ತೀವಿ, ಕೇಳ್ರಿ.

ನಾವು ಬೀದರ್ ಕಡೆಯ ಕಮ್ಮಾರರ ಮನೆಯವರು. ತಿದಿ ಒತ್ತಿದೆವು. ಸುತ್ತಿಗೆ ಬೀಸಿದೆವು. ಕುಡುಗೋಲು, ಕುರ್ಪಿ ಮಾಡಿದೆವು. ಆದರೂ ಏನು ಕೆಲಸ ಅಂತ ಕೇಳಿದರೆ "ಮನೆಗೆಲಸ" ಅಂತಿದ್ದೆವು! ಈಗ ಸಂತೆಗೆ ಕಾರ್ಖಾನೆಯ ಕುಡುಗೋಲು ಬರ್ತವೆ. ಕುಲುಮೆಗೆ ಕೆಲಸ ಕಡಿಮೆ ಆಯಿತು. ಆಗ ಬಿದರಿ ಕೆಲಸ ಕಲಿಯಲಿಕ್ಕೆ ಹೋದೆವು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತಲ್ಲ, ಅದೇ ಕೆಲಸ.

ಬಿದರಿಯಲ್ಲಿ ಕಬ್ಬಿಣ ಇಲ್ಲ. ಸುಮಾರು 16 ಪಾಲು ಸತು, 1 ಪಾಲು ತಾಮ್ರ. ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಹೂದಾನಿಯೋ ಬಟ್ಟಲೋ ಆಗುತ್ತದೆ. ಅರದಿಂದ ಉಜ್ಜಿ ನುಣುಪು ಮಾಡಬೇಕು. ಮೈಲುತುತ್ತದ ನೀರು ಹಚ್ಚಿದರೆ ಮೈ ಕಪ್ಪಾಗುತ್ತದೆ. ಈ ಕಪ್ಪು ಉಳಿಯೋದಿಲ್ಲ. ಕೆತ್ತಿದ ಗೆರೆ ಕಾಣಲಿ ಅಂತ ಅಷ್ಟೇ.

ಮೊದಲ ದಿನ ನೇಗಿಲ ಕುಳಕ್ಕೆ ಬಡಿದ ಹಾಗೆ ಉಳಿಗೆ ಬಡಿದೆವು. ಬಟ್ಟಲಿನ ಅಂಚೇ ಮುರೀತು. ಉಸ್ತಾದರು ನಕ್ಕರು. "ಅಮ್ಮಾ, ಇದು ಕಾದ ಕಬ್ಬಿಣ ಅಲ್ಲ. ಬಡೀಬ್ಯಾಡ್ರಿ, ತಟ್ಟರಿ" ಅಂದರು. ತಟ್ಟೋದು ಕಲಿಯಲಿಕ್ಕೆ ತಿಂಗಳುಗಟ್ಟಲೆ ಬೇಕಾಯಿತು. ನಮ್ಮ ಕೈ ಭಾರ.

ಆದರೆ ಒಂದರಲ್ಲಿ ನಾವೇ ಮುಂದೆ. ಉಳಿ ಮೊಂಡಾದರೆ ಯಾರನ್ನೂ ಕೇಳೋದಿಲ್ಲ. ಕೆಂಪಗೆ ಕಾಸಿ ನೀರಿಗೆ ಅದ್ದುತ್ತೇವೆ. ಅಷ್ಟಕ್ಕೇ ಬಿಟ್ಟರೆ ಉಕ್ಕು ಗಾಜಿನಂಗ ಮುರೀತದ. ಅದಕ್ಕೆ ತಿಕ್ಕಿ ಬೆಳ್ಳಗೆ ಮಾಡಿ, ಮತ್ತೆ ಸ್ವಲ್ಪ ಕಾಸಬೇಕು. ತುದಿಗೆ ಒಣಹುಲ್ಲಿನ ಬಣ್ಣ ಬಂತೋ, ತಣಿಸಬೇಕು. ಈಗ ಉಸ್ತಾದರ ಉಳಿಗೂ ನಾವೇ ಹದ ಕೊಡ್ತೀವಿ.

ಕೆತ್ತಿದ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ತಟ್ಟುತ್ತೇವೆ. ಅಂಟು ಹಾಕೋದಿಲ್ಲ. ಗೆರೆಯ ಅಂಚೇ ಬೆಳ್ಳಿಯನ್ನು ಹಿಡಿಯುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ, ನೀರು ಕಲಸಿ, ಬೆಚ್ಚಗಿನ ಪಾತ್ರೆಗೆ ಹಚ್ಚುತ್ತೇವೆ. ಮಣ್ಣು ಸರಿ ಇದೆಯೋ ಅಂತ ಉಸ್ತಾದರು ನಾಲಿಗೆಗೆ ಹಚ್ಚಿ ನೋಡ್ತಾರೆ! ಸತು ಕಾಡಿಗೆಯಂಗ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತೊಳೆದು ಎಣ್ಣೆ ಹಚ್ಚಿದರೆ ಮುಗೀತು.

ಇನ್ನು ಕೂಲಿ ಮಾತು. ಬೆಳ್ಳಿ ತೂಗಿ ಕೊಡ್ತಾರೆ. ಉಳಿದ ತುಣುಕು ತೂಗಿ ವಾಪಸ್ ತಗೊಳ್ತಾರೆ. ಮೊದಲು ಕೆಲಸ ಕೊಟ್ಟವರು "ಬೆಳ್ಳಿ ಕಡಿಮೆ ಬಂತು" ಅಂತ ಕೂಲಿ ಮುರಿದರು, ಒಂದಲ್ಲ, ಮೂರು ಸಲ. ತಕ್ಕಡಿಯ ಅಂಕಿ ಓದಲಿಕ್ಕೆ ನಮಗೆ ಬರ್ತಿರಲಿಲ್ಲ. ಸುಮ್ಮನೆ ಬಂದೆವು. ಮನೆಗೆ ಬಂದು ಅತ್ತೆವು.

ಈಗ ಒಂದು ವಹಿ ಇಟ್ಟೀವಿ. ತಾರೀಖು, ಕೊಟ್ಟ ಬೆಳ್ಳಿ, ತುಣುಕು, ಪಾತ್ರೆ ಎಷ್ಟು, ಎಲ್ಲ ಬರೀತೀವಿ. ಹೋದ ತಿಂಗಳು ಮತ್ತೆ 2 ಗ್ರಾಂ ಕಡಿಮೆ ಅಂದರು. ವಹಿ ತೆಗೆದು ಮುಂದೆ ಇಟ್ಟೆವು. ತುಣುಕಿನ ಪೊಟ್ಟಣ ಇನ್ನೊಮ್ಮೆ ತೂಗಿರಿ ಅಂದೆವು. ತೂಗಿದರು. ಸರಿ ಬಂತು. ಪೂರ್ತಿ ಕೂಲಿ ಕೊಟ್ಟರು.

ಕಲಿಯೋ ಮನಸ್ಸಿದ್ದವರು ಬರ್ರಿ. ಕುಲುಮೆ ಮುಂದೆ ಜಾಗ ಅದ.