ಐರಿಷ್‌ನಲ್ಲಿ ಜಪಸರ: ಮೊದಲು ಉತ್ತರ ಕಲಿಯಿರಿ

ಇವತ್ತು ಬರೀ ಕೇಳಿದ್ರೆ ಸಾಲದು, ಸ್ವಲ್ಪ ಬಾಯಿನೂ ಆಡಿಸಬೇಕು. ಬಸ್ಸಲ್ಲಿದ್ದರೆ ಮೆಲ್ಲಗೆ ಹೇಳ್ಕೊಳ್ಳಿ.

ವಿಷಯ ಐರ್ಲೆಂಡಿನದು. ಅಲ್ಲಿನ 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ನಮಗೆ ಐರಿಷ್ ಬರುತ್ತೆ ಅಂದ್ರು. ಶಾಲೆ, ಕಾಲೇಜು ಬಿಟ್ಟು ಹೊರಗೆ ದಿನಾ ಮಾತಾಡೋರು? ಸುಮಾರು 72 ಸಾವಿರ. ಶಾಲೆಯಲ್ಲಿ ಕಲಿತ ಭಾಷೆ ಬಹಳಷ್ಟು ಜನರ ಬಾಯಲ್ಲಿ ಉಳಿದಿಲ್ಲ.

ಇದು ಚುಚ್ಚೋದು ಸಾವಿನ ಮನೆಯಲ್ಲಿ. ಪಶ್ಚಿಮ ಕರಾವಳಿಯ ಐರಿಷ್ ಮಾತಾಡೋ ಊರುಗಳಲ್ಲಿ ಅಜ್ಜಿ ತೀರಿಕೊಂಡರು ಅಂದ್ಕೊಳ್ಳಿ. ಮನೆಯಲ್ಲಿ ಎಲ್ಲರೂ ಸೇರಿ ಜಪಸರ ಹೇಳ್ತಾರೆ. ಒಬ್ಬರು ನಮೋ ಮರಿಯ ಜಪದ ಮೊದಲರ್ಧ ಹೇಳಿದರೆ, ಉಳಿದವರು ಮಿಕ್ಕರ್ಧ ಹೇಳಬೇಕು. ಡಬ್ಲಿನ್‌ನಿಂದ ಬಂದ ಮೊಮ್ಮಗಳಿಗೆ ಅದು ಇಂಗ್ಲಿಷಲ್ಲಷ್ಟೇ ಗೊತ್ತಿದ್ದರೆ, ತನ್ನ ಅಜ್ಜಿಯ ಪಕ್ಕದಲ್ಲೇ ಸುಮ್ಮನೆ ಕೂರಬೇಕು.

ಅದಕ್ಕೇ ಪುಸ್ತಕದ ಕ್ರಮ ಬಿಡಿ, ಉತ್ತರದ ಅರ್ಧವನ್ನ ಮೊದಲು ಕಲಿಯಿರಿ ಅಂತೀನಿ. ಬಿ.ಕಾಂ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ: ಹತ್ತರ ಗುಂಪು 5, ಅಂದ್ರೆ 50. ಶುರುವಿನ 3 ಸೇರಿದರೆ 53 ಸಲ. ಒಂದೇ ಸಂಜೆಗೆ ಇಷ್ಟು ರಿಪೀಟ್ ಮಾಡಿಸೋ ಆ್ಯಪ್ ಯಾವುದಿದೆ ಹೇಳಿ!

ಈಗ ಉಚ್ಚಾರಣೆ. ಐರಿಷ್‌ನಲ್ಲಿ ಪದದ ತಲೆಯೇ ಬದಲಾಗುತ್ತೆ. 'ಬಾಸ್' ಅಂದ್ರೆ ಸಾವು. (ಆಫೀಸಲ್ಲಿ ಕೇಳ್ತಿರೋರು ನಗಬೇಡಿ.) ಉತ್ತರದ ಕೊನೆಗೆ 'ನಮ್ಮ ಸಾವಿನ' ಅನ್ನೋ ಮಾತು ಬರುತ್ತೆ. 'ಆರ್' ಅಂದ್ರೆ ನಮ್ಮ. ಅದು ಮುಂದೆ ಬಂದ ಕೂಡಲೇ ಬ ಅನ್ನೋ ಸದ್ದನ್ನ ಮ ನುಂಗಿಬಿಡುತ್ತೆ: 'ಆರ್ ಮಾಶ್'. ಕೊನೆಯ ಸ ಯಾಕೆ ಶ ಆಯ್ತು? ನಮ್ಮ 'ಸಾವು' 'ಸಾವಿನ' ಆದ ಹಾಗೆ ಅದು ವಿಭಕ್ತಿ. ಪರಲೋಕ ಜಪದ ಮೊದಲ ಪದವೂ ಇದೇ 'ಆರ್'. ತಂದೆ 'ಆಹಿರ್', ನಮ್ಮ ತಂದೆ 'ಆರ್ ನಾಹಿರ್'. ಒಂದು ಪದ ಹಿಡಿದರೆ ಎರಡು ಜಪದಲ್ಲಿ ಕೆಲಸಕ್ಕೆ ಬಂತು.

ಕರೆದಾಗಲೂ ಹೆಸರು ಬದಲಾಗುತ್ತೆ. ಮಾತೆ ಮರಿಯ 'ಮ್ವಿರ', ಓ ಮರಿಯಳೇ ಅನ್ನೋಕೆ 'ಅ ವಿರ'. ನನಗೆ ಇಷ್ಟವಾದದ್ದು ಇದು: ಈ ಹೆಸರು ಯೇಸುವಿನ ತಾಯಿಗೆ ಮೀಸಲು. ಪಕ್ಕದ ಮನೆ ಮೇರಿ 'ಮಾರ್ಯ', ಅದು ಬೇರೆ ಪದ. ದಿನದ ನಮಸ್ಕಾರದಲ್ಲೂ ಮರಿಯ ಇದ್ದಾಳೆ. ಒಬ್ಬರು ದೇವರು ನಿನಗಿರಲಿ ಅಂದ್ರೆ, ಇನ್ನೊಬ್ಬರು ದೇವರೂ ಮರಿಯಳೂ ನಿನಗಿರಲಿ ಅಂತಾರೆ. ಅಲ್ಲೂ ನೋಡಿ, ಉತ್ತರ ಕೊಡೋನದ್ದು ಒಂದು ಹೆಸರು ಜಾಸ್ತಿ.

'ಪವಿತ್ರ' ಅನ್ನೋ ಪದ ಕಾನೆಮಾರಾ ಕಡೆ 'ನೀವ್', ಕೆರ್ರಿ ಕಡೆ 'ನೇವ್'. ಯಾವುದು ಸರಿ ಅಂತ ಗೂಗಲ್ ಮಾಡ್ತಾ ಕೂರಬೇಡಿ. ನಿಮ್ಮ ಅಜ್ಜಿ ಹೇಗೆ ಹೇಳ್ತಿದ್ದರೋ ಹಾಗೆ. ಚರ್ಚಿನ ಪೂಜೆ 1960ರ ದಶಕದವರೆಗೂ ಲ್ಯಾಟಿನ್‌ನಲ್ಲೇ ಇತ್ತು. ಐರಿಷ್ ಜಪ ಬೆಳೆದದ್ದು ಮನೆಯ ಒಲೆ ಪಕ್ಕ, ಆ ಮನೆಯ ಉಚ್ಚಾರಣೆಯಲ್ಲೇ.

ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಫೋನಲ್ಲಿ ಒಂದು ಸಲ ರೆಕಾರ್ಡ್ ಮಾಡ್ಕೊಳ್ಳಿ. ಅವರು ಮೊದಲರ್ಧ ಹೇಳಿ ನಿಲ್ಲಿಸಲಿ, ಆ ಗ್ಯಾಪಲ್ಲಿ ನೀವು ಉತ್ತರ ಹೇಳಿ. ಕೊನೆಗೆ 'ಆಮೇನ್'. ಅದೊಂದು ನಿಮಗೆ ಬರುತ್ತೆ ಬಿಡಿ.