ವಿಕಲಚೇತನರಿಗೆ ಕೂಲಿಯ ಕೆಲಸ: ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸ)



ವಿಕಲಚೇತನರ ವಿಷಯ ಪಂಚಾಯಿತಿ ಸಭೆಯಲ್ಲಿ ಚರ್ಚೆಗೆ ಬರುವುದು ಬಹುತೇಕ ಆರ್ಥಿಕ ವರ್ಷದ ಕೊನೆಯಲ್ಲಿ. ಅವರಿಗೆಂದು ಮೀಸಲಿಟ್ಟ ಶೇ. 5ರ ಹಣ ಉಳಿದಿರುತ್ತದೆ. ಮಾರ್ಚ್ ತಿಂಗಳಲ್ಲಿ ತರಾತುರಿಯಿಂದ ಸಲಕರಣೆ ಕೊಂಡು, ವಿತರಿಸಿ, ಛಾಯಾಚಿತ್ರ ತೆಗೆಸಿ ಕಡತ ಮುಗಿಸಲಾಗುತ್ತದೆ. ಸಲಕರಣೆ ಬೇಕು, ಸರಿ. ಆದರೆ ತ್ರಿಚಕ್ರ ವಾಹನ ಪಡೆದವರಿಗೆ ಅದನ್ನೇರಿ ಹೋಗಲು ಒಂದು ಕೆಲಸವಿಲ್ಲದಿದ್ದರೆ ಅದು ಅಂಗಳದಲ್ಲೇ ತುಕ್ಕು ಹಿಡಿಯುತ್ತದೆ.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಬಡತನ ನಿವಾರಣಾ ಯೋಜನೆಗಳಲ್ಲಿ ಶೇ. 5ರ ಮೀಸಲಾತಿಯನ್ನೂ, ಅದರಲ್ಲಿ ಮಹಿಳೆಯರಿಗೆ ಆದ್ಯತೆಯನ್ನೂ ವಿಧಿಸಿದೆ.

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ನಮ್ಮ ರಾಜ್ಯ ವಿಕಲಚೇತನರಿಗೆ ಕೆಲಸದ ಅಳತೆಯಲ್ಲಿ ಅರ್ಧದಷ್ಟು ರಿಯಾಯಿತಿ ನೀಡಿದೆ. ಅರ್ಧ ಅಳತೆ ಮುಗಿಸಿದರೆ ಪೂರ್ಣ ಕೂಲಿ. ಇಷ್ಟಿದ್ದೂ ಅನೇಕರು ಕೆಲಸ ಕೇಳಿ ಅರ್ಜಿಯನ್ನೇ ಹಾಕುವುದಿಲ್ಲ. ಕುಟುಂಬದ ಜಾಬ್ ಕಾರ್ಡಿನಲ್ಲಿ ಅವರ ಹೆಸರೇ ಸೇರಿರುವುದಿಲ್ಲ. ಇವರಿಂದ ಏನಾದೀತು ಎಂದು ಮನೆಯವರೂ ಕಾಮಗಾರಿ ನೋಡಿಕೊಳ್ಳುವವರೂ ಮೊದಲೇ ತೀರ್ಮಾನಿಸಿರುತ್ತಾರೆ. ಕಿವಿ ಕೇಳದವರಿಗೆ ಗುದ್ದಲಿ ಹಿಡಿಯಲು ಅಡ್ಡಿಯೇನು? ಗುರುತು ಹಾಕಿ ಕೈಸನ್ನೆಯಿಂದ ತೋರಿಸಿದರೆ ಸಾಕು. ಕಾಲಿನ ಬಲವಿಲ್ಲದವರು ಸಸಿಗಳ ಚೀಲಕ್ಕೆ ಮಣ್ಣು ತುಂಬಬಲ್ಲರು, ಕೂಲಿಕಾರರ ಮಕ್ಕಳನ್ನು ನೋಡಿಕೊಳ್ಳಬಲ್ಲರು. ಓದು ಬರಹ ಬಲ್ಲವರು ಕಾಯಕ ಬಂಧುವಾಗಿ ಹಾಜರಾತಿ ನಿರ್ವಹಿಸಬಲ್ಲರು.

ಕೆಲಸ ಕೇಳಲು ಅವರು ಕಚೇರಿಯೊಳಗೆ ಬರಬೇಕಲ್ಲವೇ? ಇಳಿಜಾರು ದಾರಿಗೆ ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ಮೂರು ಅಡಿ ಜಗಲಿಗೆ ಆರು ಅಡಿಯ ಸಿಮೆಂಟು ಇಳಿಜಾರು ಕಟ್ಟಿದರೆ ಬಿಲ್ಲು ಪಾಸಾಗಬಹುದು, ಗಾಲಿಕುರ್ಚಿ ಏರಲಾರದು.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಊರಿನ ವಿಕಲಚೇತನರ ಪಟ್ಟಿ ಇರುತ್ತದೆ. ಬುದ್ಧಿಮಾಂದ್ಯರ, ಮಾನಸಿಕ ಅಸ್ವಸ್ಥರ ಹೆಸರುಗಳು ಅದರಿಂದ ಬಿಟ್ಟುಹೋಗುವುದುಂಟು, ಏಕೆಂದರೆ ಮನೆಯವರು ಹೇಳಲು ಹಿಂಜರಿಯುತ್ತಾರೆ. ಆ ಮನೆಗಳ ಬಾಗಿಲು ವಾರ್ಡಿನ ಸದಸ್ಯರಿಗೆ ತೆರೆದಷ್ಟು ಅಧಿಕಾರಿಗಳಿಗೆ ತೆರೆಯುವುದಿಲ್ಲ. ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಪಟ್ಟಿಯನ್ನು ಜಾಬ್ ಕಾರ್ಡುಗಳೊಂದಿಗೆ ತಾಳೆ ನೋಡಿ, ಬಿಟ್ಟುಹೋದವರ ಹೆಸರು ಸೇರಿಸಿ, ಕೆಲಸದ ಅರ್ಜಿ ಕೊಡಿಸಿ ದಿನಾಂಕವುಳ್ಳ ಸ್ವೀಕೃತಿ ಪಡೆಯಬೇಕು. ಅವರಿಗೆ ಎಷ್ಟು ದಿನ ಕೆಲಸ ದೊರೆಯಿತೆಂಬ ಲೆಕ್ಕವನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕು.